ಅಪ್ಪನ ತಾಳಮದ್ದಲೆ ಪೆಟ್ಟಿಗೆಗೆ ಯಾವ ಓಎಸ್?

ನಮ್ಮ ಡೊಂಬಿವಲಿ ಮನೆಯಲ್ಲಿ ಅಪ್ಪನ ಮಂಚದ ಪಕ್ಕ, ಔಷಧಿ ಡಬ್ಬಿಯ ಆಚೆ, ಒಂದು ಪುಟ್ಟ ನೆಟ್‌ಬುಕ್ ಇದೆ. ಹತ್ತು ಇಂಚಿನ ಪರದೆ, 1 ಜಿಬಿ ರ‍್ಯಾಮ್, ಇಂಟೆಲ್ ಆಟಮ್ ಎನ್270 ಪ್ರೊಸೆಸರ್. 2009ರಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ತಗೊಂಡದ್ದು. ಅದಕ್ಕೆ ಈಗ ಒಂದೇ ಕೆಲಸ. ಮಧ್ಯಾಹ್ನ ಊಟ ಆದ ಮೇಲೆ ಅಪ್ಪ ಸ್ಪೇಸ್ ಬಾರ್ ಒತ್ತುತ್ತಾರೆ, ತಾಳಮದ್ದಲೆ ಶುರುವಾಗುತ್ತದೆ. ಕುಂದಾಪುರದ ಮನೆಯಿಂದ ತಂದ ನಲವತ್ತು ಚಿಲ್ಲರೆ ಕ್ಯಾಸೆಟ್‌ಗಳನ್ನು ರಾತ್ರಿ ಕೂತು ಒಂದೊಂದಾಗಿ ಎಂಪಿ3 ಮಾಡಿ ಅದರಲ್ಲಿ ಹಾಕುತ್ತಾ ಬಂದಿದ್ದೇನೆ. ಅಪ್ಪನಿಗೆ 84 ವರ್ಷ. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂತು. ಡೆಬಿಯನ್ ಅಂದರೆ ಲಿನಕ್ಸ್ ಬಗೆಯ ಒಂದು ಓಎಸ್, ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್. ಅಪ್ಪನ ಪೆಟ್ಟಿಗೆಯಲ್ಲಿ ಇದ್ದದ್ದೂ ಅದೇ. 2007ರಲ್ಲಿ ಡೆಬಿಯನ್ 4 ಹಾಕಿದ ಮೇಲೆ ನಾನು ಅದನ್ನು ಬಿಟ್ಟವನಲ್ಲ. ಹೊಸ ಆವೃತ್ತಿ ಬಂದಾಗೆಲ್ಲ ಮೊದಲು ಅದರ ರಿಲೀಸ್ ನೋಟ್ಸ್ ಪೂರ್ತಿ ಓದುತ್ತೇನೆ. ಈ ಸಲ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. 32 ಬಿಟ್ ಪಿಸಿಗೆ, ಅಂದರೆ ಹಳೇ ಬಗೆಯ ಪ್ರೊಸೆಸರಿನ ಯಂತ್ರಗಳಿಗೆ, ಇನ್ನು ಇನ್‌ಸ್ಟಾಲರೂ ಇಲ್ಲ, ಓಎಸ್‌ನ ತಿರುಳಾದ ಕರ್ನೆಲ್ಲೂ ಇಲ್ಲ. ಅಪ್ಪನ ಪೆಟ್ಟಿಗೆಯ ಎನ್270 ಬರೀ 32 ಬಿಟ್ಟಿನದು.

ಸಿಟ್ಟೇನೂ ಬರಲಿಲ್ಲ. ಒಂದೊಂದು ಬಗೆಯ ಪ್ರೊಸೆಸರಿಗೂ ಸಾವಿರಾರು ಪ್ಯಾಕೇಜ್‌ಗಳನ್ನು ಬೇರೆ ಬೇರೆಯಾಗಿ ಕಂಪೈಲ್ ಮಾಡಬೇಕು (ಆ ಪ್ರೊಸೆಸರಿನ ಭಾಷೆಗೆ ತರಬೇಕು), ಪರೀಕ್ಷೆ ಮಾಡಬೇಕು, ತಪ್ಪು ಸಿಕ್ಕರೆ ತಿದ್ದಬೇಕು. ಅದನ್ನೆಲ್ಲ ಮಾಡುವವರು ಹೆಚ್ಚಿನವರು ಸ್ವಯಂಸೇವಕರು. ಹಳೇ ಮಷೀನುಗಳು ಕಡಿಮೆಯಾದಂತೆ ಅವುಗಳ ಮೇಲೆ ಪರೀಕ್ಷೆ ಮಾಡುವ ಜನವೂ ಕಡಿಮೆಯಾಗುತ್ತಾರೆ. ಅರ್ಥವಾಗುವ ಮಾತು. ಆದರೂ ಬೇಜಾರಾಯಿತು.

ಡೆಬಿಯನ್ ಮೇಲೆ ನನಗೆ ಅಷ್ಟು ಪ್ರೀತಿ ಯಾಕೆ ಅಂತ ಹೇಳುತ್ತೇನೆ. 1993ರಲ್ಲಿ ಇಯಾನ್ ಮರ್ಡಾಕ್ ಅದನ್ನು ಶುರು ಮಾಡಿದಾಗ ತನ್ನ ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಡೆಬಿಯನ್ ಅಂತ ಕರೆದ. ಅದಕ್ಕೆ ಒಡೆಯ ಅಂತ ಯಾವ ಕಂಪನಿಯೂ ಇಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಸ್ಟೇಬಲ್ ಆವೃತ್ತಿ ಬರುತ್ತದೆ. ನಡುವೆ ಬರುವುದು ಸುರಕ್ಷತೆಯ ಮತ್ತು ದೋಷ ತಿದ್ದುವ ಅಪ್‌ಡೇಟ್ ಮಾತ್ರ. ನಾನು ಭಾಂಡುಪಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಶನಿವಾರ ಮುಚ್ಚಿಟ್ಟ ಲ್ಯಾಪ್‌ಟಾಪ್ ಸೋಮವಾರ ಹೇಗಿತ್ತೋ ಹಾಗೇ ತೆರೆದುಕೊಳ್ಳಬೇಕು. ಬಟನ್ ಇದ್ದಲ್ಲೇ ಇರಬೇಕು. ಇಷ್ಟು ವರ್ಷದಲ್ಲಿ ಡೆಬಿಯನ್ ಅದನ್ನು ನನಗೆ ನಡೆಸಿಕೊಟ್ಟಿದೆ.

ತಿಂಗಳಿಗೊಂದು ಭಾನುವಾರ ಮಾಟುಂಗಾ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ನಾವು ಮೂವರು ಸೇರುತ್ತೇವೆ. ನಾನು, ಬ್ಯಾಂಕಿನಿಂದ ನಿವೃತ್ತರಾದ ರಾಯರು, ಐರೋಲಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ. ಒಂದು ಫಿಲ್ಟರ್ ಕಾಫಿ ಮೂರಾಗುತ್ತದೆ, ಮಾತು ಮುಗಿಯುವುದಿಲ್ಲ. ಈ ಸಲ ನೆಟ್‌ಬುಕ್ ವಿಷಯ ತೆಗೆದೆ.

“ಮಾವಾ, ಅದನ್ನು ಬಿಟ್ಟುಬಿಡಿ. ಅಜ್ಜನಿಗೆ ನಾನೊಂದು ಹೊಸ ಟ್ಯಾಬ್ ಕೊಡಿಸ್ತೇನೆ” ಅಂದ ಅಳಿಯ. ಅವನು ಆರ್ಚ್ ಲಿನಕ್ಸ್ ಹುಡುಗ, ಅದು ಲಿನಕ್ಸಿನ ಇನ್ನೊಂದು ಬಗೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಪ್ಯಾಕ್‌ಮ್ಯಾನ್ ಅನ್ನುವ ಅಪ್‌ಡೇಟ್ ಪ್ರೋಗ್ರಾಂ ಓಡಿಸಿ ಎಲ್ಲವನ್ನೂ ಹೊಸತು ಮಾಡಿಕೊಳ್ಳುತ್ತಾನೆ. ಇವತ್ತು ಬಿಡುಗಡೆಯಾದ ಪ್ರೋಗ್ರಾಂ ಇನ್ನೆರಡು ದಿನದಲ್ಲಿ ಅವನಿಗೆ ಬೇಕು. ಆರ್ಚ್ 32 ಬಿಟ್ಟನ್ನು 2017ರಲ್ಲೇ ಕೈಬಿಟ್ಟಿತ್ತು, ಹಾಗಾಗಿ ಅವನಿಗೆ ಇದು ಮುಗಿದ ವಿಷಯ. ಒಂದು ಮಾತು ಹೇಳಲೇಬೇಕು. ಆರ್ಚ್ ವಿಕಿಯಂಥ ವಿಕಿ ಇನ್ನೊಂದಿಲ್ಲ. ನನ್ನ ಡೆಬಿಯನ್ ತೊಂದರೆಗಳಿಗೂ ಎಷ್ಟೋ ಸಲ ಉತ್ತರ ಸಿಕ್ಕಿದ್ದು ಅಲ್ಲೇ.

ರಾಯರು ಚಮಚದಿಂದ ಕಾಫಿಯ ನೊರೆ ಸರಿಸುತ್ತಾ, “ಓಪನ್‌ಬಿಎಸ್‌ಡಿ ಹಾಕಿ ನೋಡಿ. ಅವರಲ್ಲಿ 32 ಬಿಟ್ ಇನ್ನೂ ಇದೆ” ಅಂದರು. ಅದು ಲಿನಕ್ಸ್ ಅಲ್ಲ, ಯುನಿಕ್ಸ್ ವಂಶದ ಬೇರೊಂದು ಓಎಸ್. ರಾಯರು ಇಪ್ಪತ್ತು ವರ್ಷದಿಂದ ಅದನ್ನೇ ಬಳಸುವವರು. ತನ್ನ ಯಂತ್ರದಲ್ಲಿ ಏನು ಓಡುತ್ತಿದೆ, ಯಾಕೆ ಓಡುತ್ತಿದೆ ಅನ್ನುವುದು ತನಗೆ ತಿಳಿದಿರಬೇಕು ಅನ್ನುವುದು ಅವರ ಹಟ. ಅದೇ ಕುಟುಂಬದ ನೆಟ್‌ಬಿಎಸ್‌ಡಿಯೂ ಆಗುತ್ತಿತ್ತು, ಹಳೇ ಯಂತ್ರಗಳನ್ನು ಅದರಷ್ಟು ಅಕ್ಕರೆಯಿಂದ ನೋಡಿಕೊಂಡದ್ದು ಬೇರೆ ಇಲ್ಲ. ಫ್ರೀಬಿಎಸ್‌ಡಿ ಮಾತ್ರ 15ನೇ ಆವೃತ್ತಿಯಿಂದ 32 ಬಿಟ್ ಪಿಸಿಯನ್ನು ಬಿಟ್ಟಿದೆ. ಕೊನೆಗೆ ಓಪನ್‌ಬಿಎಸ್‌ಡಿ ಅಂತ ಗಟ್ಟಿ ಮಾಡಿದ್ದಕ್ಕೆ ಒಂದೇ ಕಾರಣ. ಸಿಕ್ಕಿಹಾಕಿಕೊಂಡರೆ ಬಿಡಿಸಲು ರಾಯರಿದ್ದಾರೆ. ಓಎಸ್ ಆರಿಸುವಾಗ ಇದು ಸಣ್ಣ ಕಾರಣ ಅಲ್ಲ.

ಹಾಗಂತ ಎಲ್ಲರಿಗೂ ಇದನ್ನೇ ಹಾಕಿಕೊಡುತ್ತೇನೆಯೇ? ಇಲ್ಲ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅವರ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹತ್ತುವುದಿಲ್ಲ, ಅದು ಕೇಳುವಷ್ಟು ಹೊಸ ಪ್ರೊಸೆಸರ್ ಅದರಲ್ಲಿಲ್ಲ. ಡೆಬಿಯನ್ ಭಕ್ತನಾದ ನಾನೇ ಅವರಿಗೆ ಹಾಕಿಕೊಟ್ಟದ್ದು ಲಿನಕ್ಸ್ ಮಿಂಟ್. ಕೆಳಗೆ ಮೆನು, ಪಕ್ಕದಲ್ಲಿ ಗಡಿಯಾರ, ಕಣ್ಣಿಗೆ ಅಭ್ಯಾಸವಾದ ಜಾಗದಲ್ಲೇ ಎಲ್ಲ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ವಿನ್ಯಾಸ ಆರಿಸಿದೆ. ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯಲ್ಲೇ ಬಂದದ್ದು ಅದು, ನುಡಿ ತಂತ್ರಾಂಶ ಬಳಸಿದವರಿಗೆ ಕೈ ತಡೆಯುವುದಿಲ್ಲ.

ಟೀಚರ್ ಕೂತವರೇ ಮೊದಲು ಟೈಪ್ ಮಾಡಿದ ಪದ “ಸ್ವಾತಂತ್ರ್ಯ”. ಅದು ಅವರ ಪರೀಕ್ಷೆ. ಕಗಪದಲ್ಲಿ ಒತ್ತು ಕೊಡುವ ಕೀಲಿ ಎಫ್. ತ ಒತ್ತಿ, ಎಫ್ ಒತ್ತಿ, ರ ಒತ್ತಿ, ಮತ್ತೆ ಎಫ್ ಒತ್ತಿ, ಯ ಒತ್ತಿದರು. ತಕಾರದ ಕೆಳಗೆ ಎರಡು ಒತ್ತು ಒಂದರ ಪಕ್ಕ ಒಂದು ಬಂದು ಕೂತವು. ಆಮೇಲೆ “ಅರ್ಕ”, ಆಮೇಲೆ “ಸೂರ್ಯ”. ಅರ್ಕಾವತ್ತು ಸರಿಯಾದ ಜಾಗಕ್ಕೆ ಬಂದದ್ದು ನೋಡಿ, “ಪರವಾಗಿಲ್ಲ ಮಾರಾಯ, ನಿನ್ನ ಮಿಂಟಿಗೆ ಕನ್ನಡ ಬರ್ತದೆ” ಅಂದರು. ಲೋಹಿತ್, ಗುಬ್ಬಿ, ನವಿಲು ಅಂತ ನಮಗೆ ಪುಕ್ಕಟೆ ಕನ್ನಡ ಫಾಂಟುಗಳಿವೆಯಲ್ಲ, ಯಾರೋ ಕೂತು ಒಂದೊಂದು ಒತ್ತಕ್ಷರವನ್ನೂ ಬಿಡಿಸಿ ಕೊಟ್ಟದ್ದಕ್ಕೇ ಟೀಚರ್ ಬಾಯಲ್ಲಿ ಆ ಮಾತು ಬಂದದ್ದು. ನೆನೆಸಿಕೊಂಡರೆ ಮನಸ್ಸು ತುಂಬುತ್ತದೆ.

ಸರಿ, ನೆಟ್‌ಬುಕ್‌ಗೆ ಬರುತ್ತೇನೆ. ಡೆಬಿಯನ್ 12ರಲ್ಲೇ ಇನ್ನೂ ಸ್ವಲ್ಪ ಕಾಲ ದೂಡಬಹುದಿತ್ತು. ಆದರೆ ಅಪ್ಪನ ವಿಷಯದಲ್ಲಿ ಗಡಿಬಿಡಿ ಬೇಡ, ಕೈಯಲ್ಲಿ ಸಮಯ ಇರುವಾಗಲೇ ಮಾಡಿಬಿಡೋಣ ಅನ್ನಿಸಿತು. ಸಂಕ್ರಾಂತಿಯ ರಾತ್ರಿ ಅಪ್ಪ ಮಲಗಿದ ಮೇಲೆ ಪೆಟ್ಟಿಗೆಯನ್ನು ಊಟದ ಮೇಜಿಗೆ ತಂದೆ. ಹಾಡಿನ ಫೈಲುಗಳನ್ನು ಎರಡು ಪೆನ್ ಡ್ರೈವ್‌ಗೆ ಕಾಪಿ ಮಾಡಿದೆ. ಒಂದು ಸಾಲದು, ಆ ಕ್ಯಾಸೆಟ್‌ಗಳಲ್ಲಿ ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿದೆ.

ಓಪನ್‌ಬಿಎಸ್‌ಡಿ 7.8ರ ಇನ್‌ಸ್ಟಾಲರಿನಲ್ಲಿ ಚಿತ್ರ ಇಲ್ಲ, ಮೌಸ್ ಇಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಪ್ರಶ್ನೆ. ಯಂತ್ರದ ಹೆಸರೇನು? ಯಾವ ನೆಟ್‌ವರ್ಕ್? ಎಕ್ಸ್ (ಕಿಟಕಿ, ಚಿತ್ರ ತೋರಿಸುವ ವ್ಯವಸ್ಥೆ) ಬೇಕೇ? ಪಕ್ಕದಲ್ಲಿ ಅದೇ ಒಂದು ಉತ್ತರವನ್ನೂ ಸೂಚಿಸುತ್ತದೆ. ಹೆಚ್ಚಿನ ಕಡೆ ಎಂಟರ್ ಒತ್ತಿದರೆ ಸಾಕು. ಯಂತ್ರದ ಹೆಸರು ಕೇಳಿದಾಗ “ಮದ್ದಲೆ” ಅಂತ ಕೊಟ್ಟೆ. ವೈಫೈ ಗೊಡವೆಯೇ ಬೇಡ ಅಂತ ರೂಟರಿನಿಂದ ಲ್ಯಾನ್ ವೈರ್ ಎಳೆದಿದ್ದೆ.

ಮುಗಿದು ಮೊದಲ ಸಲ ಲಾಗಿನ್ ಆದಾಗ ಯಂತ್ರದ ಯಜಮಾನ ಖಾತೆಯಾದ ರೂಟ್ ಹೆಸರಿಗೆ ಒಂದು ಮೇಲ್ ಬಂದು ಕೂತಿತ್ತು. ಥಿಯೋ ಡಿ ರಾಟ್ ಹೆಸರಿನಲ್ಲಿ, ಓಪನ್‌ಬಿಎಸ್‌ಡಿಗೆ ಸ್ವಾಗತ ಅಂತ. 1995ರಲ್ಲಿ ನೆಟ್‌ಬಿಎಸ್‌ಡಿಯಿಂದ ಕವಲೊಡೆದು ಇದನ್ನು ಶುರು ಮಾಡಿದವರು ಅವರು. ಇವತ್ತು ಲೋಕದ ಸರ್ವರ್‌ಗಳಿಗೆ ಜನ ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್ ಇದೇ ತಂಡದ್ದು. ಎಲ್ಲ ಯಂತ್ರಗಳಿಗೂ ತಾನಾಗಿ ಬರುವ ಮೇಲ್ ಅದು, ಗೊತ್ತು. ಆದರೂ ರಾತ್ರಿ ಒಂದೂವರೆಗೆ, ಹದಿನಾರು ವರ್ಷ ದಾಟಿದ ಪೆಟ್ಟಿಗೆಯ ಮೇಲೆ ಅದನ್ನು ಓದಿದಾಗ ತುಂಬಾ ಖುಷಿಯಾಯಿತು.

ಒಂದು ಸಂಗತಿ ಮಾತ್ರ ಗಾಬರಿ ಹುಟ್ಟಿಸಿತು. ಬೂಟ್ ಆದ ಮೇಲೂ ಪ್ರೊಸೆಸರ್ ಸುಮ್ನೆ ಕೂರುತ್ತಿಲ್ಲ, ಫ್ಯಾನ್ ಜೋರಾಗಿ ತಿರುಗುತ್ತಿದೆ. ಬೆಳಿಗ್ಗೆ ರಾಯರಿಗೆ ಫೋನ್ ಮಾಡಿದೆ. “ಅದು ಹೊಸ ಕರ್ನೆಲ್ ಜೋಡಿಸ್ತಾ ಇದೆ, ಹೆದರಬೇಡಿ” ಅಂದರು. ಪ್ರತಿ ಸಲ ಬೂಟ್ ಆದಾಗಲೂ ಅದು ಕರ್ನೆಲ್ಲಿನ ತುಂಡುಗಳ ಕ್ರಮವನ್ನು ಕಲಸಿ, ಮುಂದಿನ ಬೂಟಿಗೆ ಹೊಸದೊಂದನ್ನು ಕಟ್ಟಿಡುತ್ತದಂತೆ. ಒಳಗೆ ನುಗ್ಗಲು ನೋಡುವವನಿಗೆ ಯಾವುದು ಎಲ್ಲಿದೆ ಅಂತ ಊಹಿಸಲು ಆಗಬಾರದು, ಅದಕ್ಕೆ. ಹೊಸ ಮಷೀನಿನಲ್ಲಿ ಕ್ಷಣದಲ್ಲಿ ಆಗುವ ಕೆಲಸಕ್ಕೆ ಆಟಮ್ ಕೆಲವು ನಿಮಿಷ ತಗೊಳ್ಳುತ್ತದೆ. ತಗೊಳ್ಳಲಿ.

ಆಮೇಲೆ ಉಳಿದದ್ದು ಚೂರು ಕೆಲಸ. ಪವರ್ ಒತ್ತಿದರೆ ತಾನೇ ಲಾಗಿನ್ ಆಗಬೇಕು, ಒಂದು ದೊಡ್ಡ ಅಕ್ಷರದ ಟರ್ಮಿನಲ್ (ಅಕ್ಷರ ಮಾತ್ರ ತೋರಿಸುವ ಕಿಟಕಿ) ತೆರೆಯಬೇಕು, ಅದರಲ್ಲಿ ಎಂಪಿ3 ನುಡಿಸುವ ಎಂಪಿಜಿ123 ಪ್ರೋಗ್ರಾಂ ಪಟ್ಟಿ ಹಿಡಿದು ಕಾಯಬೇಕು. ಟರ್ಮಿನಲ್ಲಿನಲ್ಲಿ ಕನ್ನಡ ಫೈಲ್ ಹೆಸರುಗಳ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ, “ಕರ್ಣ” ಅನ್ನುವುದು ಮೂರು ತುಂಡಾಗಿ ಕಾಣುತ್ತದೆ. ನನಗೆ ಅದು ಚುಚ್ಚುತ್ತದೆ. ಅಪ್ಪನಿಗೆ ಪರದೆ ನೋಡುವ ಪ್ರಮೇಯವೇ ಇಲ್ಲ.

ಮಧ್ಯಾಹ್ನ ಊಟ ಆಯಿತು. ಅಪ್ಪ ಕೈ ಒರೆಸಿಕೊಂಡು ಬಂದು ಕೂತು ಸ್ಪೇಸ್ ಬಾರ್ ಒತ್ತಿದರು. ಚೆಂಡೆ ಶುರುವಾಯಿತು, ಭಾಗವತರ ದನಿ ಎದ್ದಿತು. ನಾನು ಬಾಗಿಲಲ್ಲಿ ನಿಂತಿದ್ದೆ.

“ಎಂತ ಮಗಾ, ಶಬ್ದ ಸಣ್ಣ ಆಯ್ತಲ್ಲ?”

ಹೌದು, ಧ್ವನಿಯ ಮಟ್ಟ ಕಡಿಮೆ ಇತ್ತು. ಸರಿ ಮಾಡಿ ಮತ್ತೆ ಹಾಕಿದೆ. ಅಪ್ಪ ತಲೆ ಆಡಿಸಿ ದಿಂಬಿಗೆ ಒರಗಿದರು. ಕರ್ಣನೂ ಶಲ್ಯನೂ ಮಾತಿಗೆ ಕೂತರು. ಇನ್ನು ಮೂರು ಕ್ಯಾಸೆಟ್ ಎಂಪಿ3 ಮಾಡಲು ಬಾಕಿ ಇವೆ, ಬರುವ ಶನಿವಾರ ರಾತ್ರಿಗೆ.