ಅವ್ವನ ಸ್ಲೈಡಿನಲ್ಲಿ ಹನ್ನೆರಡು

ನಾನು ದಾವಣಗೆರೆಯ ಒಂದು ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ರಕ್ತದ ಸ್ಲೈಡು ನೋಡುತ್ತಿದ್ದೇನೆ. ಲೀಷ್ಮನ್ ಬಣ್ಣ ಹಾಕಿ, ಎಣ್ಣೆ ಬೊಟ್ಟಿಟ್ಟು, ನೂರು ಬಿಳಿಕಣ ಎಣಿಸಿ ಯಾವ್ಯಾವುದು ಎಷ್ಟೆಷ್ಟು ಅಂತ ಬರೆಯುವುದು ನನ್ನ ಕೆಲಸ. ಇಯೊಸಿನೊಫಿಲ್ ಎಂಬ ಬಗೆಯ ಬಿಳಿಕಣಗಳು ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ ಮೂರೋ ಸಿಗುತ್ತವೆ. ಹೋದ ವರ್ಷ ಒಂದು ಸ್ಲೈಡಿನಲ್ಲಿ ಹನ್ನೆರಡು ಸಿಕ್ಕವು. ಅದು ಅವ್ವನ ರಕ್ತ.

ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ನಸುಕಿಗೇ ಒಲೆ ಹೊತ್ತಿಸಿ, ಕಾದ ಮರಳಿಗೆ ಅಕ್ಕಿ ಸುರಿದು ಅರಳಿಸುವ ಕೆಲಸ. ಒಲೆಗೆ ಹೊಟ್ಟು, ಕಟ್ಟಿಗೆ, ಅವು ತೀರಿದ ದಿನ ಹಳೆ ಟೈರಿನ ಚೂರು. ಕೆಲಸ ಬಿಟ್ಟರೂ ನಮ್ಮ ಮನೆ ಅದೇ ಭಟ್ಟಿಗಳ ಹಿಂದಿನ ಓಣಿಯಲ್ಲೇ ಇದೆ. ಅವ್ವನಿಗೆ ದಮ್ಮು, ಅಂದರೆ ಅಸ್ತಮಾ. ಬೆಳಗಿನ ಜಾವ ಮೂರು, ನಾಲ್ಕಕ್ಕೆ ಎದ್ದು ಕೂತು, ಮಂಚದ ಅಂಚು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದಳು. ಎದೆಯೊಳಗಿನ ಸುಂಯ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ನೀಲಿ ಪಂಪು ಎರಡು ಸಲ ಎಳೆದರೆ ಹತ್ತು ನಿಮಿಷಕ್ಕೆ ಆರಾಮ. ಡಾಕ್ಟರು ದಿನಾ ತಗೊಳ್ಳಲು ಬರೆದುಕೊಟ್ಟ ಇನ್ನೊಂದು ಪಂಪನ್ನು ಮಾತ್ರ ಮುಟ್ಟುತ್ತಿರಲಿಲ್ಲ. 'ಈಗ ದಮ್ ಇಲ್ಲಲ್ಲ, ಸುಮ್ನೆ ಯಾಕ್ ತಗಬೇಕು' ಅನ್ನುತ್ತಿದ್ದಳು.

ಅವತ್ತು ಒಟ್ಟು ಬಿಳಿಕಣ 9,000 ಇದ್ದವು. ನೂರಕ್ಕೆ ಹನ್ನೆರಡರಂತೆ ಮೈಕ್ರೋಲೀಟರಿಗೆ 1,080 ಇಯೊಸಿನೊಫಿಲ್. 500 ದಾಟಿದರೇ ಹೆಚ್ಚು. ಹೊಟ್ಟೆಹುಳ, ಆನೆಕಾಲು ತರುವ ಫೈಲೇರಿಯಾ ಇದ್ದರೂ ಇವು ಏರುತ್ತವೆ, ಹಾಗಾಗಿ ಡಾಕ್ಟರು ಮೊದಲು ಅವೆರಡನ್ನೂ ಪರೀಕ್ಷೆ ಮಾಡಿಸಿದರು. ಎರಡೂ ಇರಲಿಲ್ಲ.

ಇಯೊಸಿನೊಫಿಲ್ ಅಂದರೆ ಎರಡು ಹೋಳಿನ ನ್ಯೂಕ್ಲಿಯಸ್, ಅದರ ಸುತ್ತ ಕೋಶದ ತುಂಬ ಕೆಂಪು ಕಾಳುಗಳು. 1879ರಲ್ಲಿ ಪೌಲ್ ಎರ್ಲಿಖ್ ಇವನ್ನು ಗುರುತಿಸಿದ್ದು ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುತ್ತವೆ ಅಂತ. ಆ ಕಾಳುಗಳೊಳಗೆ ಇರುವುದು ಹುಳದಂಥ ದೊಡ್ಡ ಶತ್ರುವನ್ನೂ ಸುಡಬಲ್ಲ ಪ್ರೋಟೀನು. ಹುಳವೇ ಇಲ್ಲದ ಶ್ವಾಸನಾಳದಲ್ಲಿ ಅದನ್ನು ಚೆಲ್ಲಿದರೆ ಸುಡುವುದು ನಮ್ಮದೇ ಒಳಪದರ.

ಅವ್ವನನ್ನು ಒಂದು ಭಾನುವಾರ ಲ್ಯಾಬಿಗೆ ಕರೆದೊಯ್ದು ಆ ಸ್ಲೈಡು ತೋರಿಸಿದೆ. ಬಹಳ ಹೊತ್ತು ಕಣ್ಣಿಟ್ಟು, 'ರಾಗಿ ತುಂಬಿದ ಚೀಲ ಇದ್ದಂಗೈತಿ. ಇವು ನಮ್ಮವೇನಾ?' ಅಂದಳು.

ನಿನ್ನವೇ ಅವ್ವ ಅಂದೆ. ಧೂಳು ಒಳಹೋದಾಗ ಶ್ವಾಸನಾಳದ ಗೋಡೆಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸುತ್ತವೆ, ನಿಮಿಷಗಳಲ್ಲೇ ನಾಳದ ಸ್ನಾಯು ಬಿಗಿಯುತ್ತದೆ. ನೀಲಿ ಪಂಪು ಬಿಡಿಸುವುದು ಆ ಬಿಗಿತವನ್ನಷ್ಟೇ. ಅಷ್ಟರಲ್ಲಿ ಟಿ ಕೋಶ ಎಂಬ ಬಿಳಿಕಣಗಳು ಐಎಲ್-5 ಎಂಬ ಸಂದೇಶ ಕಳಿಸಿರುತ್ತವೆ. ಅದು ಮೂಳೆಯ ಮಜ್ಜೆಗೆ ಮುಟ್ಟಿ, ಅಲ್ಲಿಂದ ಈ ಕೆಂಪು ಚೀಲಗಳು ಹೊರಟು ಬರುತ್ತವೆ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಮತ್ತೆ ದಮ್ಮು ಏಳಬಹುದು. ನೀಲಿ ಪಂಪಿಗೆ ಇವುಗಳ ಹತ್ತಿರ ಏನೂ ನಡೆಯದು. ಇವನ್ನು ತಗ್ಗಿಸುವುದು ದಿನಾ ಎಳೆಯುವ ಆ ಸ್ಟಿರಾಯ್ಡ್ ಪಂಪು, ಉಸಿರು ಆರಾಮಿದ್ದ ದಿನವೂ. ನೀಲಿಯೊಂದನ್ನೇ ನಂಬಿಕೊಂಡಿರುವುದು ಬೇಡ ಅಂತ 2019ರಿಂದ ಅಸ್ತಮಾದ ಜಾಗತಿಕ ಮಾರ್ಗಸೂಚಿಯೂ ಹೇಳುತ್ತಿದೆ. ನಮ್ಮ ಓಣಿಯಲ್ಲಿ ಇನ್ನೂ ಮನೆಮನೆಗೂ ನೀಲಿಯೇ ಇದೆ, ಅದು ನನಗೆ ಹೊಟ್ಟೆ ಉರಿಸುತ್ತದೆ.

ಕಫದ ಸ್ಲೈಡನ್ನು ಮಾತ್ರ ಅವಳಿಗೆ ತೋರಿಸಲಿಲ್ಲ. ಅದರಲ್ಲಿ ಕಸ ನುಂಗುವ ದೊಡ್ಡ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಮಸಿಯ ಕರಿಚುಕ್ಕೆಗಳನ್ನು ನುಂಗಿಕೊಂಡು ಕೂತಿದ್ದವು. ಹೊಗೆ ಇನ್ನೊಂದು ಬಗೆಯ ಬಿಳಿಕಣವಾದ ನ್ಯೂಟ್ರೊಫಿಲ್‌ಗಳನ್ನೂ ಕರೆತರುತ್ತದೆ, ಅವು ಸ್ಟಿರಾಯ್ಡಿಗೆ ಅಷ್ಟಾಗಿ ಬಗ್ಗುವುದಿಲ್ಲ. ಭಟ್ಟಿಯ ಕಡೆಯ ಕಿಟಕಿಗೆ ಗಾಜು ಹಾಕಿಸಿದ್ದು ಆಮೇಲೆ.

ಆಸ್ಪತ್ರೆಯಲ್ಲಿ ಊದಿಸಿದಾಗ ಮೊದಲ ಸೆಕೆಂಡಿಗೆ ಹೊರಬಂದ ಗಾಳಿ 1.1 ಲೀಟರ್ ಇತ್ತು. ನಾಲ್ಕು ತಿಂಗಳು ಬಿಡದೆ ಪಂಪು ಎಳೆದ ಮೇಲೆ 1.5. ಎಳೆದ ಮೇಲೆ ಬಾಯಿ ಮುಕ್ಕಳಿಸುವುದನ್ನೂ ಮರೆಯುವುದಿಲ್ಲ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸ್ಟು ಕಟ್ಟುತ್ತದೆ.

ಈಗ ಮೆಕ್ಕೆಜೋಳದ ಒಕ್ಕಣೆ ಶುರುವಾಗಿದೆ, ರಸ್ತೆ ತುಂಬ ರಾಶಿ, ಗಾಳಿಯ ತುಂಬ ಧೂಳು. ಮನೆಯಲ್ಲಿ ದಿನಾ ಸಂಜೆ, ಊದಿದ ಗಾಳಿಯ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಿ ಕ್ಯಾಲೆಂಡರಿನ ಮೇಲೆ ಬರೆಯುತ್ತೇನೆ. ಮೊನ್ನೆ 260, ನಿನ್ನೆ 250, ಇವತ್ತು 250.