ಮುಂದಿನ ಸಾಂಕ್ರಾಮಿಕಕ್ಕೆ ಮುಂಚೆ ಮನೆಯಲ್ಲಿ ಎತ್ತಿಡಬೇಕಾದ ಕಾಗದಗಳು

ಕೋವಿಡ್ ಕಾಲದಲ್ಲಿ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಿಗೆ ಅನ್ವಯಿಸುತ್ತಿದ್ದ ನೆರವಿನ ಯೋಜನೆಗಳು ಬೇಕಾದಷ್ಟಿದ್ದವು. ಆದರೂ ಎಷ್ಟೋ ಮನೆಗಳಿಗೆ ದುಡ್ಡು ಬರಲಿಲ್ಲ. ಅರ್ಜಿ ಬಿದ್ದುಹೋದ ಕಡೆ ಕೆದಕಿ ನೋಡಿದರೆ ಸಿಗುವುದು ದೊಡ್ಡ ಕಾರಣವಲ್ಲ: ಸರ್ಕಾರಿ ವೈದ್ಯರು ದೊಡ್ಡ ಆಸ್ಪತ್ರೆಗೆ ಬರೆದುಕೊಡುವ ರೆಫರಲ್ ಚೀಟಿ ಇಲ್ಲದ್ದು, ಕಳೆದುಹೋದ ಟೆಸ್ಟ್ ರಿಪೋರ್ಟ್, ಆಧಾರ್‌ನಲ್ಲೊಂದು ಪಾಸ್‌ಬುಕ್ಕಿನಲ್ಲೊಂದು ಹೆಸರು. ಮುಂದೆ ಇಂಥದ್ದೇ ಕಾಯಿಲೆ ಬಂದರೆ ಯೋಜನೆಗಳ ಹೆಸರು ಬದಲಾಗಿರುತ್ತದೆ, ಕೇಳುವ ಕಾಗದ ಮಾತ್ರ ಹೆಚ್ಚುಕಮ್ಮಿ ಇವೇ ಆಗಿರುತ್ತವೆ.

ಮೊದಲು ಆಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಮೊತ್ತ ಎಲ್ಲರಿಗೂ ಗೊತ್ತು. ಎಡವುವುದು ರೆಫರಲ್‌ನಲ್ಲಿ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆ ಎಂದು ಅಲ್ಲಿನ ವೈದ್ಯರು ಬರೆದುಕೊಟ್ಟ ಮೇಲೆಯೇ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ. ಯೋಜನೆ ಶುರುವಾದಾಗ ಪಟ್ಟಿಯಲ್ಲಿದ್ದ 1,650 ಚಿಕಿತ್ಸೆಗಳಲ್ಲಿ ರೆಫರಲ್ ಇಲ್ಲದೆ ನೇರ ಹೋಗಬಹುದಾದ ತುರ್ತು ಚಿಕಿತ್ಸೆಗಳು 169. ಆಸ್ಪತ್ರೆಯವರು ಅವನ್ನು 4ಎ ಎನ್ನುತ್ತಾರೆ.

ಕೊಪ್ಪ, ಶೃಂಗೇರಿ, ಮೂಡಿಗೆರೆಯವರು ಸೀರಿಯಸ್ ಆದರೆ ಘಟ್ಟ ಇಳಿದು ಮಂಗಳೂರು, ಮಣಿಪಾಲಕ್ಕೆ ಹೋಗುತ್ತಾರೆ. ರಾತ್ರೋರಾತ್ರಿ ಹೋಗಿ, ಕೇಳಿದಷ್ಟು ಅಡ್ವಾನ್ಸ್ ಕಟ್ಟಿ ಅಡ್ಮಿಟ್ ಮಾಡಿಸಿ, ಮೂರು ದಿನ ಕಳೆದ ಮೇಲೆ ರೇಷನ್ ಕಾರ್ಡ್ ತೆಗೆದರೆ ಕೆಲಸ ಕೆಟ್ಟಿತು. ಯೋಜನೆ ಕ್ಯಾಶ್‌ಲೆಸ್, ಕಟ್ಟಿದ ಬಿಲ್ಲನ್ನು ಆಮೇಲೆ ವಾಪಸ್ ಕೊಡುವ ಪದ್ಧತಿ ಅದರಲ್ಲಿಲ್ಲ. ಹಾಗಾಗಿ ಬಿಲ್ಲಿಂಗ್ ಕೌಂಟರಿಗಿಂತ ಮುಂಚೆ ಆರೋಗ್ಯ ಮಿತ್ರರ (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರು) ಟೇಬಲ್ ಹುಡುಕಬೇಕು. ಕೈಯಲ್ಲಿ ಆಧಾರ್, ರೇಷನ್ ಕಾರ್ಡ್, ಇದ್ದರೆ ರೆಫರಲ್. ಕಾರ್ಡಿನಲ್ಲಿ ಹೆಸರೇ ಸೇರಿಸದ ಸೊಸೆ, ಮೊಮ್ಮಗು ಇದ್ದರೆ ಆ ಹೊತ್ತಿಗೆ ಏನೂ ಮಾಡಲಾಗದು, ಇವತ್ತೇ ಸೇರಿಸಿಕೊಳ್ಳಿ.

ಈ ಒಂದು ರೆಫರಲ್ ಚೀಟಿಯ ಬೆಲೆ ಎಷ್ಟೆಂದರೆ, 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೋವಿಡ್‌ಗೆ ಎರಡು ಬಗೆಯ ದರ ನಿಗದಿ ಮಾಡಿತ್ತು. ಸರ್ಕಾರವೇ ಖಾಸಗಿ ಆಸ್ಪತ್ರೆಗೆ ಕಳಿಸಿದ ರೋಗಿಗೆ ದಿನಕ್ಕೆ ಜನರಲ್ ವಾರ್ಡ್ 5,200, ವೆಂಟಿಲೇಟರ್ ಇರುವ ಐಸಿಯು 10,000 ರೂಪಾಯಿ. ಆ ಖರ್ಚು ಸರ್ಕಾರದ್ದು. ತಾನಾಗಿ ಹೋದ ರೋಗಿಗೆ ಜನರಲ್ ವಾರ್ಡ್ 10,000, ವೆಂಟಿಲೇಟರ್ ಐಸಿಯು 25,000, ಖರ್ಚು ಮನೆಯವರದ್ದು. ಹಾಸಿಗೆ ಅದೇ, ಡಾಕ್ಟರೂ ಅವರೇ.

ಇನ್ನು ಟೆಸ್ಟ್ ರಿಪೋರ್ಟ್. ಕೋವಿಡ್ ಪರೀಕ್ಷೆಗೆ ಕೊಟ್ಟ ಸ್ಯಾಂಪಲ್ಲಿಗೆ ಎಸ್‌ಆರ್‌ಎಫ್ ಐಡಿ ಎಂಬ ಗುರುತಿನ ಸಂಖ್ಯೆ, ಪಾಸಿಟಿವ್ ಬಂದವರಿಗೆ ಪಿ ನಂಬರ್ ಎಂಬ ರೋಗಿ ಸಂಖ್ಯೆ ಕೊಡುತ್ತಿದ್ದರು. ಮುಂದೆ ಯಾವ ಕಚೇರಿಯಲ್ಲಿ ಕೇಳಿದರೂ ಮೊದಲ ಪ್ರಶ್ನೆ ಅದೇ. ಮನೆಯಲ್ಲೇ ಕಿಟ್‌ನಲ್ಲಿ ನೋಡಿಕೊಂಡು ಪಾಸಿಟಿವ್ ಎಂದು ಸುಮ್ಮನಾದವರ ಹತ್ತಿರ ತೋರಿಸಲು ಏನೂ ಉಳಿಯಲಿಲ್ಲ. ಮೊಬೈಲಿಗೆ ಬಂದ ಮೆಸೇಜ್ ಫೋನ್ ಬದಲಾದ ದಿನ ಹೋಗುತ್ತದೆ. ಪ್ರಿಂಟ್ ತೆಗೆದು ರೇಷನ್ ಕಾರ್ಡಿನ ಜೊತೆಗೇ ಇಡಬೇಕು.

ಸಾವಾದ ಮನೆಯ ಕಾಗದಗಳ ಕಷ್ಟವೇ ಬೇರೆ. ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ಕೊಟ್ಟ ತೀರ್ಪಿನ ಮೇಲೆ ಪ್ರತಿ ಕೋವಿಡ್ ಸಾವಿಗೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ ಇದರ ಜೊತೆ ಬೇರೆಯಾಗಿ 1 ಲಕ್ಷ ಕೊಟ್ಟಿತು. ಟೆಸ್ಟ್ ಆದ ದಿನದಿಂದ 30 ದಿನದೊಳಗೆ ತೀರಿಕೊಂಡಿದ್ದರೆ, ಸಾವು ಮನೆಯಲ್ಲಾಗಿದ್ದರೂ ಲೆಕ್ಕಕ್ಕೆ ಬರುತ್ತಿತ್ತು. ಬಿಡುಗಡೆಯಾಗದೆ ಆಸ್ಪತ್ರೆಯಲ್ಲೇ 30 ದಿನ ದಾಟಿ ಹೋದವರೂ ಸೇರುತ್ತಿದ್ದರು. ಇಲ್ಲಿ ಜನ ಸುತ್ತಾಡಿದ್ದು ಎರಡು ಕಾರಣಕ್ಕೆ. ಒಂದು, ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆದಿರುವುದಿಲ್ಲ. ಕಾರಣ ಇರುವುದು ವೈದ್ಯರು ತುಂಬುವ ಬೇರೆ ನಮೂನೆಯಲ್ಲಿ: ಆಸ್ಪತ್ರೆಯಲ್ಲಾದರೆ ನಮೂನೆ 4, ಹೊರಗಾದರೆ 4ಎ. ಹೆಣ ತರುವ ಗಡಿಬಿಡಿಯಲ್ಲಿ ಯಾರೂ ಅದರ ಪ್ರತಿ ಕೇಳುವುದಿಲ್ಲ. ಮನೆಯವರ ತಲೆ ಕೆಟ್ಟಿರುತ್ತದೆ. ಜೊತೆಗೆ ಹೋದ ನೆಂಟರೋ ನೆರೆಯವರೋ ಕೇಳಿ ತೆಗೆದುಕೊಳ್ಳಬೇಕು. ಎರಡು, ಸಾವು ನೋಂದಣಿಯಾಗುವುದು ಸಾವಾದ ಜಾಗದಲ್ಲಿ. ಮಂಗಳೂರಿನಲ್ಲಿ ಜೀವ ಹೋದರೆ ಕೊಪ್ಪದ ನಾಡಕಚೇರಿ ಸುತ್ತಿ ಪ್ರಯೋಜನವಿಲ್ಲ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವೂ ಇಲ್ಲ, ತಕರಾರೂ ಇಲ್ಲ. ಆಮೇಲೆ ದಂಡ, ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ.

ಆದರೆ ಜನ ಅತಿ ಹೆಚ್ಚು ಕಳೆದುಕೊಂಡದ್ದು ತಮ್ಮ ಖಾತೆಯಿಂದಲೇ ಕಂತು ಕಟ್ಟಿಟ್ಟ ದುಡ್ಡನ್ನು ಅನಿಸುತ್ತದೆ. ಪಾಸ್‌ಬುಕ್ಕಿನಲ್ಲಿ ಪ್ರತಿ ವರ್ಷ ಮೇ ಕೊನೆ, ಜೂನ್ ಶುರುವಿನಲ್ಲಿ 330 ರೂಪಾಯಿ ಕಡಿತ (2022ರ ಜೂನ್‌ನಿಂದ 436) ಕಂಡರೆ ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆ. ಯಾವ ಕಾರಣಕ್ಕೆ ಸತ್ತರೂ ನಾಮಿನಿಗೆ 2 ಲಕ್ಷ, ಕೋವಿಡ್ಡಾದರೂ ಸರಿ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಅನ್ವಯ. ಇದರ ಪಕ್ಕದಲ್ಲೇ ಕಾಣುವ 12 ರೂಪಾಯಿ (ಈಗ 20) ಸುರಕ್ಷಾ ವಿಮೆಯದ್ದು, ಅದು ಅಪಘಾತಕ್ಕಷ್ಟೇ. ಸತ್ತವರ ಪಾಸ್‌ಬುಕ್ಕನ್ನು ಹಿಂದಿನ ಎರಡು ವರ್ಷದ ಎಂಟ್ರಿ ಹಾಕಿಸದೆ ಮುಚ್ಚಿಸಬೇಡಿ. ಬ್ಯಾಂಕಿನವರು ತಾವಾಗಿ ಹೇಳುತ್ತಾರೆ ಅಂತ ಕಾಯುವುದೂ ಬೇಡ. ಬೇಕಾದದ್ದು ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್ ಮತ್ತು ರದ್ದು ಮಾಡಿದ ಚೆಕ್ ಅಥವಾ ಪಾಸ್‌ಬುಕ್ ಪ್ರತಿ. ವಿಮೆ ಸಿಗದೆ ಹೋಗುವುದು ಹೆಚ್ಚಾಗಿ ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದೆ ಪಾಲಿಸಿ ಸದ್ದಿಲ್ಲದೆ ನಿಂತುಹೋದಾಗ.

ಇಂಥದ್ದೇ ಇನ್ನೊಂದು, ಪಿಎಫ್ ಜೊತೆ ಬರುವ ಇಡಿಎಲ್‌ಐ ವಿಮೆ. ಕಾಫಿ ಎಸ್ಟೇಟಿನ ರೈಟರ್, ಮೇಸ್ತ್ರಿ, ಲೈನ್ ಮನೆಯ ಕಾಯಂ ಕಾರ್ಮಿಕ, ಗಾರ್ಮೆಂಟ್ಸ್‌ನ ಟೈಲರ್, ಯಾರ ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೋ ಅವರೆಲ್ಲ ಇದರೊಳಗೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಗರಿಷ್ಠ 7 ಲಕ್ಷ. ಹಿಂದಿನ 12 ತಿಂಗಳು ಬಿಡದೆ ಕೆಲಸ ಮಾಡಿದ್ದರೆ ಕನಿಷ್ಠ 2.5 ಲಕ್ಷ. ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ಈ ವಿಮೆಗೆ 5ಐಎಫ್. ಮೂರೂ ಬೇರೆ ಬೇರೆ ಹಕ್ಕು, ಮೊದಲನೆಯದನ್ನು ಮಾತ್ರ ಹಾಕಿ ಸುಮ್ಮನಾದವರೇ ಹೆಚ್ಚು. ಮದುವೆಗೆ ಮುಂಚೆ ಅಮ್ಮನ ಹೆಸರಿಗೆ ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದು ಮಾಡಬೇಕು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ 2020ರ ಮಾರ್ಚ್ 24ರಿಂದ ಎರಡು ವರ್ಷ ಕೋವಿಡ್ ಪರಿಹಾರ ಯೋಜನೆಯಿತ್ತು: ಅವಲಂಬಿತರಿಗೆ ಸರಾಸರಿ ದಿನಗೂಲಿಯ ಶೇ. 90, ತಿಂಗಳಿಗೆ ಕನಿಷ್ಠ 1,800.

ಮಕ್ಕಳ ವಿಷಯ ಚಿಕ್ಕದಾಗಿ. ಕೋವಿಡ್ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗುವಿಗೆ ಕೇಂದ್ರದಿಂದ 23 ವರ್ಷ ತುಂಬಿದಾಗ 10 ಲಕ್ಷ, ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500. ಒಬ್ಬರು ಉಳಿದಿದ್ದರೆ ಕೇಂದ್ರದ್ದು ಸಿಗುತ್ತಿರಲಿಲ್ಲ. ಅಂಥ ಮನೆಯ ತಾಯಿಗೆ ವಿಧವಾ ವೇತನದ ಅರ್ಜಿ, ಬಿಪಿಎಲ್ ಆಗಿದ್ದರೆ ದುಡಿಯುವವರು ಸತ್ತಾಗ ಒಮ್ಮೆ ಸಿಗುವ 20,000 ರೂಪಾಯಿಯ ರಾಷ್ಟ್ರೀಯ ಕುಟುಂಬ ಸಹಾಯದ ಅರ್ಜಿ, ಇವೆರಡನ್ನೂ ಹಾಕಬೇಕು. ಇವಕ್ಕೆ ಕೋವಿಡ್ ಎಂದು ಸಾಬೀತು ಮಾಡುವ ಅಗತ್ಯವೂ ಇಲ್ಲ.

ಲಾಕ್‌ಡೌನ್ ನೆರವೂ ಇತ್ತು. 2020ರಲ್ಲಿ ಕ್ಷೌರಿಕರು, ಅಗಸರು, ಆಟೊ–ಟ್ಯಾಕ್ಸಿ ಚಾಲಕರಿಗೆ 5,000. 2021ರ ಮೇ ತಿಂಗಳಲ್ಲಿ ಚಾಲಕರಿಗೆ, ಕಟ್ಟಡ ಕಾರ್ಮಿಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000. ಕಟ್ಟಡ ಕಾರ್ಮಿಕರಾದರೆ ಅವರ ಕಲ್ಯಾಣ ಮಂಡಳಿಯ ಕಾರ್ಡ್ ಮೊದಲೇ ಇರಬೇಕಿತ್ತು. ಅರ್ಜಿ ಒಪ್ಪಿಗೆಯಾದರೂ ಹಣ ಕಾಣದಿದ್ದವರು ನೋಡಬೇಕಾದದ್ದು ಬೇರೆ ಖಾತೆಯನ್ನು. ನೇರ ವರ್ಗಾವಣೆಯ ದುಡ್ಡು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯೂ ಅದಾಗಿರಬಹುದು. ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಗೊತ್ತಾಗುತ್ತದೆ.

ತೋಟಕ್ಕೆ ಅಸ್ಸಾಂ, ಬಿಹಾರದಿಂದ ಬಂದವರಿದ್ದರೆ ಅವರ ಊರಿನ ಆಯುಷ್ಮಾನ್ ಕಾರ್ಡ್ ಇಲ್ಲಿನ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಕಾರ್ಡ್ ಊರಲ್ಲೇ ಬಿಟ್ಟು ಬಂದಿರುತ್ತಾರೆ, ಫೋಟೊ ತರಿಸಿಡಲು ಹೇಳಿ. ಅನುಮಾನವಿದ್ದರೆ ಆಸ್ಪತ್ರೆಗೆ ಹೊರಡುವ ಮುಂಚೆಯೇ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಕೇಳಿಕೊಳ್ಳಬಹುದು.