ಯಸುಕುನಿ ಜಾತ್ರೆ ಸುಮೋ: ಬೆಳಗ್ಗೆ ಎಂಟಕ್ಕೇ ಹೋಗಿ ಜಾಗ ಹಿಡೀರಿ

ಟೋಕಿಯೋದಲ್ಲಿ ಸುಮೋ ನೋಡ್ಬೇಕು ಅಂದ್ರೆ ಎಲ್ರೂ ರ‍್ಯೋಗೊಕು ಸ್ಟೇಡಿಯಂ ಟಿಕೆಟ್ ಹಿಂದೆ ಬೀಳ್ತಾರೆ, ಅಲ್ಲಿ ಜನವರಿ, ಮೇ, ಸೆಪ್ಟೆಂಬರ್ ಅಂತ ವರ್ಷಕ್ಕೆ ಮೂರೇ ಸಲ 15 ದಿನದ ಟೂರ್ನಮೆಂಟು, ಟಿಕೆಟ್ ಸಿಕ್ಕಿದ್ರೆ ಪುಣ್ಯ. ಅದು ಸಿಗ್ಲಿಲ್ಲ ಅಂದ್ರೆ ಏಪ್ರಿಲ್‌ನಲ್ಲಿ ಯಸುಕುನಿ ದೇವಸ್ಥಾನಕ್ಕೆ ಹೋಗಿ. ಅವರ ವಸಂತದ ಉತ್ಸವಕ್ಕೆ ಅಂತ ಒಂದೇ ದಿನದ ಸುಮೋ, ಅದೂ ಬಯಲಲ್ಲಿ. ಮಾರ್ಚಲ್ಲಿ ಒಸಾಕಾ ಟೂರ್ನಮೆಂಟು ಮುಗಿಸಿ, ಮೇ ತಿಂಗಳಲ್ಲಿ ಟೋಕಿಯೋದ್ದು ಶುರು ಆಗೋ ಮುಂಚೆ ಪೈಲ್ವಾನರು ಊರೂರು ಸುತ್ತುತಾರಲ್ಲ, ಅದೇ ಟೈಮಲ್ಲಿ ಇಲ್ಲಿಗೂ ಬರ್ತಾರೆ, ಟಿವಿಲಿ ನೋಡೋ ದೊಡ್ಡ ದೊಡ್ಡವರೇ. ನಾನು ಹೋದ ಎರಡು ಸಲನೂ ಎಂಟ್ರಿ ಫ್ರೀ ಇತ್ತು, ಎರಡು ಸಲನೂ ಸೋಮವಾರ, ಹಂಗಾಗಿ ಲೀವ್ ಹಾಕೋ ಮುಂಚೆ ಆ ವರ್ಷದ ಡೇಟು, ಎಂಟ್ರಿ ಹೆಂಗೆ ಅಂತ ನೋಡ್ಕೊಳ್ಳಿ.

ಮೊದಲನೇ ಸಲ ನಾನು ಮಾಡಿದ ತಪ್ಪು ಏನಂದ್ರೆ ಫೈಟ್ ಮಧ್ಯಾಹ್ನ ತಾನೇ ಅಂತ ಆರಾಮಾಗಿ ಹನ್ನೊಂದೂವರೆಗೆ ಹೋದೆ. ಅಖಾಡದ ಸುತ್ತ ಒಂದಿಂಚು ಜಾಗ ಇಲ್ಲ, ಜನರ ತಲೆ ಸಂದಿಯಿಂದ ಒಬ್ಬನ ಅರ್ಧ ಭುಜ ಕಾಣ್ಸಿದ್ದೇ ಬಂತು, ಮಗಳು ಹೆಗಲ ಮೇಲೆ ಕೂತು ಅಳ್ತಿದ್ಲು. ಮುಂದಿನ ವರ್ಷ ಎಂಟು ಗಂಟೆಗೇ ಹೋದ್ವಿ. ಆಗ ಗೊತ್ತಾಯ್ತು, ನಿಜವಾದ ಮಜಾ ಇರೋದೇ ಬೆಳಗ್ಗೆ.

ಟೋಕಿಯೋದ ನಿಶಿ-ಕಸಾಯ್ ಕಡೆ ಇರೋ ನಮ್ಮ ಭಾರತದೋರಿಗಂತೂ ತುಂಬ ಸುಲಭ, ತೋಜಾಯ್ ಮೆಟ್ರೋ ಲೈನ್ ಹತ್ತಿದ್ರೆ ಟ್ರೈನ್ ಬದಲಾಯಿಸೋದೇ ಬೇಡ, ಇಪ್ಪತ್ತು ನಿಮಿಷದ ಆಸುಪಾಸಲ್ಲಿ ದೇವಸ್ಥಾನದ ಹತ್ರದ ಕುದನ್‌ಶಿತಾ ಸ್ಟೇಷನ್. ಮೇಲೆ ಬಂದ್ರೆ 25 ಮೀಟರ್ ಎತ್ತರದ ಕಬ್ಬಿಣದ ಮಹಾದ್ವಾರ ಕಾಣುತ್ತೆ, ನೆಟ್ಟಗೆ ಒಳಗೆ ನಡೀರಿ, ಸುಮೋ ಅಖಾಡ ದೇವಸ್ಥಾನದ ಹಿಂಭಾಗದಲ್ಲಿದೆ. ಹತ್ರದ ಸೀಟುಗಳು ಆಹ್ವಾನ ಇರೋರಿಗೆ, ಮಿಕ್ಕೋರೆಲ್ಲ ನೆಲದ ಮೇಲೆ. ಅದಕ್ಕೇ ನೂರು ಯೆನ್ ಅಂಗಡಿಯಿಂದ ಪ್ಲಾಸ್ಟಿಕ್ ಶೀಟು ತಗೊಂಡೇ ಹೋಗಿ, ಕೆಳಗೆ ಹಾಕೋಕೆ ಒಂದು ದಪ್ಪ ಟವಲ್ಲೂ ಇರ್ಲಿ, ಏಳೆಂಟು ಗಂಟೆ ಕೂತ್ರೆ ಸೊಂಟ ಹೇಳುತ್ತೆ. ಕ್ಯಾಪ್ ಬೇಕೇ ಬೇಕು, ಛತ್ರಿ ಬಿಚ್ಚಿದ್ರೆ ಹಿಂದಿನವರು ಬಾಯಲ್ಲಿ ಏನೂ ಅನ್ನಲ್ಲ, ನೋಡೋ ನೋಟದಲ್ಲೇ ಅಂತಾರೆ.

ಬೆಳಗ್ಗೆ ನಡೆಯೋದು ತಾಲೀಮು. ಗೆದ್ದವನು ಅಖಾಡದಲ್ಲೇ ನಿಂತಿರ್ತಾನೆ, ನನ್ನ ಜೊತೆ ಆಡು ನನ್ನ ಜೊತೆ ಆಡು ಅಂತ ಮಿಕ್ಕೋರೆಲ್ಲ ಒಟ್ಟಿಗೆ ಮೇಲೆ ನುಗ್ತಾರೆ, ಅವನು ಒಬ್ಬನ್ನ ಆರಿಸ್ಕೋತಾನೆ. ಇನ್ನೊಂದು ಕಡೆ ದೊಡ್ಡವನೊಬ್ಬ ಎದೆ ಕೊಟ್ಟು ನಿಲ್ತಾನೆ, ಚಿಕ್ಕವನು ಅವನನ್ನ ತಳ್ಕೊಂಡು ತಳ್ಕೊಂಡು ಮಣ್ಣಲ್ಲಿ ಉರುಳಿ ಮತ್ತೆ ಎದ್ದು ಬರ್ತಾನೆ. ನಮ್ಮಜ್ಜ ಮೈಸೂರು ದಸರಾ ಕುಸ್ತಿಗೆ ಕರ್ಕೊಂಡು ಹೋಗ್ತಿದ್ರು, ಗರಡಿಲಿ ಉಸ್ತಾದ್ರು ಹುಡುಗರಿಗೆ ಕಲಿಸೋ ರೀತಿನೇ ನೆನಪಾಯ್ತು. ಆಟದ ನಿಯಮ ಮಾತ್ರ ಬೇರೆ, ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗ್ಬೇಕು, ಇಲ್ಲಿ ಪಾದ ಬಿಟ್ಟು ಮೈಯಲ್ಲಿ ಏನು ನೆಲಕ್ಕೆ ತಾಗಿದ್ರೂ, 4.55 ಮೀಟರ್ ವ್ಯಾಸದ ವೃತ್ತದಿಂದ ಆಚೆ ಕಾಲಿಟ್ರೂ ಸೋತ ಹಂಗೆ, ಅದಕ್ಕೇ ಎಷ್ಟೋ ಸಲ ಹತ್ತು ಸೆಕೆಂಡಲ್ಲಿ ಮುಗಿದೇ ಹೋಗುತ್ತೆ.

ಇನ್ನೊಂದು ವಿಷ್ಯ, ಪೈಲ್ವಾನರು ಜನರ ಮಧ್ಯದಲ್ಲೇ ಓಡಾಡ್ತಾರೆ. ಜುಟ್ಟಿಗೆ ಹಚ್ಚೋ ಬಿನ್‌ತ್ಸುಕೆ ಎಣ್ಣೆದು ಒಂಥರಾ ಸಿಹಿ ವಾಸನೆ, ಬೆಂಡು ಬತ್ತಾಸು ಅಂಗಡಿ ಮುಂದೆ ಹಾದು ಹೋದಂಗೆ, ಆಳು ಕಾಣೋ ಮುಂಚೆ ವಾಸನೆನೇ ಬರುತ್ತೆ. ಫೋಟೋ ಕೇಳ್ಬಹುದು, ಆದ್ರೆ ತಾಲೀಮಿಗೆ ಹೋಗೋವಾಗ ಅಡ್ಡ ನಿಲ್ಬೇಡಿ.

ಆಮೇಲೆ ಶೊಕ್ಕಿರಿ ಅಂತ ಒಂದು ಕಾಮಿಡಿ ಐಟಂ, ಸುಮೋದಲ್ಲಿ ಏನೇನು ಮಾಡ್ಬಾರ್ದೋ ಅದನ್ನೇ ಇಬ್ಬರು ಮಾಡಿ ತೋರಿಸ್ತಾರೆ, ಒದೆಯೋದು, ಬಾಯಲ್ಲಿರೋ ನೀರು ಉಗಿಯೋದು, ಉಪ್ಪು ಮುಖಕ್ಕೆ ಎರಚೋದು. ಭಾಷೆ ಬರ್ದಿದ್ರೂ ಮಗಳು ಬಿದ್ದು ಬಿದ್ದು ನಕ್ಕಳು. ಸುಮೋ ಹಾಡು, ಡೋಲು, ಜುಟ್ಟು ಕಟ್ಟೋದು, ಯೊಕೊಝುನ ಅಂದ್ರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಪೈಲ್ವಾನನ ಸೊಂಟಕ್ಕೆ ನಾಲ್ಕೈದು ಜನ ಸೇರಿ ಬಿಳಿ ಹಗ್ಗ ಎಳೆದು ಕಟ್ಟೋದು ಎಲ್ಲ ಇರುತ್ತೆ. ಇದೆಲ್ಲ ದೊಡ್ಡ ಟೂರ್ನಮೆಂಟಲ್ಲಿ ನೋಡೋಕೆ ಸಿಗಲ್ಲ. ಅದೇ ಮಧ್ಯಾಹ್ನದ ಫೈಟುಗಳು ರ‍್ಯಾಂಕಿಂಗ್‌ಗೆ ಲೆಕ್ಕ ಇಲ್ಲ, ಗಾಯ ಮಾಡ್ಕೊಳ್ದೆ ಹುಷಾರಾಗಿ ಆಡ್ತಾರೆ ಅನ್ನೋದು ಕಾಣುತ್ತೆ. ನಿಜವಾದ ಜಿದ್ದು ನೋಡ್ಬೇಕು ಅಂದ್ರೆ ಮೇ ತಿಂಗಳ ಟಿಕೆಟ್ಟೇ ಗತಿ.

ಊಟ ಮನೆಯಿಂದ್ಲೇ ಕಟ್ಕೊಂಡು ಹೋಗಿ, ವೆಜ್ ಆದ್ರಂತೂ. ನಾವು ಚಿತ್ರಾನ್ನ, ಕೋಡುಬಳೆ ತಗೊಂಡಿದ್ವಿ, ಪಕ್ಕದ ಅಜ್ಜಿಗೆ ಕೋಡುಬಳೆ ಕೊಟ್ಟಿದ್ದಕ್ಕೆ ತಮ್ಮ ಶೀಟು ಸರಿಸಿ ಕಾಲು ಚಾಚೋಕೆ ಜಾಗ ಕೊಟ್ರು. ಕಸ ಹಾಕೋಕೆ ಡಬ್ಬ ಹುಡುಕ್ಬೇಡಿ, ವಾಪಸ್ ಮನೆಗೆ ತನ್ನಿ. ಟಾಯ್ಲೆಟ್‌ಗೆ ಹೋಗೋದಾದ್ರೆ ಹತ್ತು ಗಂಟೆ ಒಳಗೆ, ಆಮೇಲೆ ಕ್ಯೂ ಉದ್ದ ಆಗುತ್ತೆ.

ಈ ದೇವಸ್ಥಾನ ವಿವಾದದ ಜಾಗ ಅನ್ನೋದೂ ಗೊತ್ತಿರ್ಲಿ. ಯುದ್ಧದಲ್ಲಿ ಸತ್ತವರನ್ನ ದೇವರಂತೆ ಪೂಜಿಸೋ ಜಾಗ ಇದು, 1978ರಲ್ಲಿ ಎರಡನೇ ಮಹಾಯುದ್ಧದ ಎ ದರ್ಜೆಯ 14 ಯುದ್ಧಾಪರಾಧಿಗಳನ್ನೂ ಆ ಪೂಜೆಗೆ ಸೇರಿಸಿದ್ರು, ನನ್ನ ಕೊರಿಯನ್ ಕಲೀಗು ಕರೆದ್ರೂ ಬರ್ಲಿಲ್ಲ, ನಾನೂ ಮತ್ತೆ ಕೇಳ್ಲಿಲ್ಲ. ಆ ಯುದ್ಧ ಮುಗಿದ ಮೇಲೆ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಲಿ ಆರೋಪಿಗಳೆಲ್ಲ ನಿರ್ದೋಷಿಗಳು ಅಂತ ಬರೆದ ನಮ್ಮ ಜಡ್ಜ್ ರಾಧಾಬಿನೋದ್ ಪಾಲ್ ಅವರ ಸ್ಮಾರಕನೂ 2005ರಿಂದ ಇದೇ ಆವರಣದಲ್ಲಿದೆ, ಪುರುಸೊತ್ತಿದ್ರೆ ನೋಡಿ.

ಮೂರು ಗಂಟೆ ಹೊತ್ತಿಗೆ ಬಿಲ್ಲು ತಿರುಗಿಸೋ ಕಾರ್ಯಕ್ರಮದ ಜೊತೆ ಎಲ್ಲ ಮುಗಿಯುತ್ತೆ, ಅಷ್ಟೂ ಜನ ಕುದನ್‌ಶಿತಾಗೇ ನುಗ್ತಾರೆ. ನಾವು ಅತ್ತ ಹೋಗ್ದೆ ಜಿಂಬೊಚೋ ಹಳೇ ಪುಸ್ತಕದ ಅಂಗಡಿಗಳ ಕಡೆ ನಡ್ಕೊಂಡು ಹೋಗಿ, ಐದು ಗಂಟೆ ಮೇಲೆ ಟ್ರೈನ್ ಹಿಡಿದ್ವಿ, ಅಷ್ಟೊತ್ತಿಗೆ ಆಫೀಸ್ ರಷ್ ಶುರುವಾಗಿತ್ತು, ನೀವು ನಾಲ್ಕೂವರೆಗೇ ಹೊರಡಿ.